ಎಲ್ಲ ಮನೆಗೂ ಒಂದೇ ನಂಬರು

ಸಿಟ್ಟು ಬಂದರೆ ದೇವಣ್ಣ ಕೀಬೋರ್ಡನ್ನು ಮೊಣಕಾಲಿಗೆ ಬಡಿದು ಮುರಿಯುತ್ತಿದ್ದರು. ಭದ್ರಾವತಿಯ ಗರಡಿಯಲ್ಲಿ ಬೆಳೆದ ಮೈ. ದುರ್ಗಿಗುಡಿಯಲ್ಲಿ ಬಟ್ಟೆ ಅಂಗಡಿಯ ಮೇಲಿದ್ದ ನಮ್ಮ ಪುಟ್ಟ ಆಫೀಸಿನಲ್ಲಿ ವೆಬ್‌ಸೈಟ್ ಕೆಲಸ ನನಗೆ ಕಲಿಸಿದವರು ಅವರೇ. ಬೈದು ಬೈದು ಕಲಿಸಿ, ಆಮೇಲೆ ತಾವೇ ಕೆಳಗಿಳಿದು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಿದ್ದರು.

ಮೊಬೈಲು ಎಲ್ಲರ ಕೈಗೂ ಬರುತ್ತಿದ್ದ ಕಾಲ. ಬಾಡಿಗೆ ಮನೆಗಳ ಸೈಟೊಂದನ್ನು ಮಾಡುತ್ತಿದ್ದೆವು. ವಿವರವೆಲ್ಲ ಬೇರೆ ಕಂಪನಿಯಿಂದ ಜೇಸನ್ ಎಂಬ, ಒಂದರೊಳಗೊಂದು ಅಡಕವಾದ ಪಟ್ಟಿಯ ರೂಪದಲ್ಲಿ ಬರುತ್ತಿತ್ತು: ಊರಿನೊಳಗೆ ಮನೆಗಳು, ಒಂದೊಂದು ಮನೆಯೊಳಗೆ ಮಾಲೀಕರು, ಮಾಲೀಕರೊಳಗೆ ಫೋನ್ ನಂಬರು. ಹಂತಹಂತವಾಗಿ ಒಳಗಿಳಿದು ಬೇಕಾದ್ದನ್ನು ಹೊರತೆಗೆಯಬೇಕು. "ಯಾರ ಮನೆ ಒಳಗಿದೀಯ ಅನ್ನೋದನ್ನ ಮರೀಬೇಡ ಮಾರಾಯ್ತಿ" ಎನ್ನುತ್ತಿದ್ದರು. ಮರೆತವರು ಅವರೇ. ಸೈಟ್ ಶುರುವಾಗುವ ದಿನದ ಅವಸರದಲ್ಲಿ, ಆಯಾ ಮನೆಯ ಮಾಲೀಕರ ನಂಬರು ತೆಗೆಯುವ ಬದಲು ಪ್ರತಿ ಸಲವೂ ಮೊದಲನೇ ಮನೆಯದನ್ನೇ ತೆಗೆಯುವಂತೆ ಬರೆದುಬಿಟ್ಟರು.

ಆ ನಂಬರು ಭದ್ರಾವತಿಯ ಸೆಲ್ವಿಯದು. ಹಿತ್ತಲ ಕೋಣೆ ಬಾಡಿಗೆಗಿದೆ ಎಂದು ಕೊಟ್ಟಿದ್ದಳು. ಒಂದು ಮಧ್ಯಾಹ್ನ ಆಕೆಯೇ ಸೈಟಿನಲ್ಲಿದ್ದ ವಿಳಾಸ ಹುಡುಕಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದಳು. ಎಡಗೈಗೆ ಪ್ಲಾಸ್ಟರ್, ಒಂದು ಕಣ್ಣು ಊದಿ ಮುಚ್ಚಿತ್ತು. ದಿನವಿಡೀ ಯಾರ‍್ಯಾರೋ ಗಂಡಸರು ಮನೆ ಕೇಳಿ ಫೋನು ಮಾಡುತ್ತಾರೆಂದು, ಗಂಡ ಅನುಮಾನಪಟ್ಟು ಕಬ್ಬಿಣದ ರಾಡಿನಲ್ಲಿ ಹೊಡೆದನೆಂದು ಹೇಳಿದಳು. ದೇವಣ್ಣ ಕೋಡ್ ತೆರೆದು ನೋಡಿದರು, ತಮ್ಮ ತಪ್ಪು ಕಂಡು ತಿದ್ದಿದರು. ಆಮೇಲೆ, ತಾನೇ ಬಂದು ಗಂಡನಿಗೆ ಹೇಳುತ್ತೇನೆಂದು ಎದ್ದರು.

ಮೂವರೂ ಬಸ್ಸಿನಲ್ಲಿ ಭದ್ರಾವತಿಗೆ ಹೋದೆವು. ದೇವಣ್ಣ ಅಂಗಳದಲ್ಲೇ ನಿಂತು, ತಪ್ಪು ತನ್ನದೆಂದು ಕೈ ಮುಗಿದರು. ಗಂಡ ಪೂರ್ತಿ ಕೇಳಲಿಲ್ಲ. ಇವನೂ ಒಬ್ಬನೋ ನಿನಗೆ ಎಂದು ಹೆಂಡತಿಯನ್ನು ಬೈಯುತ್ತಲೇ ರಾಡಿನಿಂದ ದೇವಣ್ಣನ ಬಾಯಿಗೆ ಬಾರಿಸಿದ. ಹಲ್ಲು ನೆಲಕ್ಕೆ ಬಿತ್ತು. ಮರುಕ್ಷಣ ರಾಡು ದೇವಣ್ಣನ ಕೈಯಲ್ಲಿತ್ತು, ಅವನು ಅವರ ಮೊಣಕಾಲಡಿಯಲ್ಲಿದ್ದ. ರಕ್ತ ಗಲ್ಲದಿಂದ ಅವನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಅವರು ರಾಡೆತ್ತಿದರು.

"ಹೊಡೀರಿ ಸಾರ್," ಸೆಲ್ವಿ ಮೆಲ್ಲಗೆ ಅಂದಳು. "ನೀವು ಹೋದ್ಮೇಲೆ ಇವನ ಜೊತೆ ಇರೋಳು ನಾನು."

ಎತ್ತಿದ ಕೈ ಹಾಗೇ ನಿಂತಿತು.

"ಇರಲೇಬೇಕಾ ಅಮ್ಮ?" ಎಂದರು ದೇವಣ್ಣ.

ಆಕೆ ಒಳಗೆ ಹೋಗಿ ಒಂದು ಬ್ಯಾಗು ಹಿಡಿದು ಬಂದಳು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆವು.

ಗಂಡನಿಗೆ ಜೈಲಾಯಿತು. ಸೆಲ್ವಿ ಈಗ ನಮ್ಮೂರಿನ ರವೀಂದ್ರನಗರದಲ್ಲಿ ಟೈಲರಿಂಗ್ ಮಾಡಿಕೊಂಡಿದ್ದಾಳೆ. ಆಫೀಸು ಮುಚ್ಚಿದ ಮೇಲೆ ಊರು ಬಿಟ್ಟ ದೇವಣ್ಣ ಈಗ ಎಲ್ಲಿದ್ದಾರೋ ನನಗೆ ತಿಳಿಯದು. ಕಡೆಯ ಸಲ ನೋಡಿದ್ದು ಅವರು ಸಾಕ್ಷಿ ಹೇಳಲು ಬಂದ ದಿನ, ಕೋರ್ಟಿನಲ್ಲಿ. ಇಡೀ ರಾದ್ಧಾಂತಕ್ಕೆ ನಿಮ್ಮ ತಪ್ಪೇ ಕಾರಣವಲ್ಲವೇ ಎಂದು ಗಂಡನ ಕಡೆಯ ವಕೀಲರು ತಿರುಗಿಸಿ ಮುರುಗಿಸಿ ಕೇಳುತ್ತಿದ್ದರು. ಸಿಟ್ಟಿಗೇಳುತ್ತಾರೆಂದು ನಾನು ಕಾದೆ. ಅವರು ಸಿಟ್ಟಾಗಲಿಲ್ಲ.

"ನಂಬರ್ ತಪ್ಪು ಹಾಕಿದ್ದು ನಾನು ಸ್ವಾಮಿ," ಎಂದರು. "ಆ ಅಮ್ಮನ ಕೈ ಮುರಿದಿದ್ದು ಇವನು."