ಹೊಲಿಗೆ ಟೀಚರ್ ಮಾತು ಬಿಟ್ಟದ್ದು, ಮತ್ತೆ ಆಡಿದ್ದು

ಹೊಲಿಗೆ ಟೀಚರ್ ಕಾಲಿಟ್ಟರೆ ತರಗತಿಯ ಗುಸುಗುಸು ತಾನಾಗಿಯೇ ನಿಲ್ಲುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆ, ಅದೇ ಆರು ಮಷೀನು. ಯಾರಿಗೂ ಸೊಪ್ಪು ಹಾಕಿದವರಲ್ಲ.

ಆ ವರ್ಷ ಊರಿನ ಗಿರಣಿಯಲ್ಲಿ ಮುಷ್ಕರವಾಯಿತು. ಅರ್ಧ ಜನ ಕೆಲಸಕ್ಕೆ ಮರಳಿದರು, ಇನ್ನರ್ಧ ಗೇಟಿನ ಹೊರಗೇ ಉಳಿದರು. ಜಗಳ ಶಾಲೆಗೂ ಬಂತು. ಏಳನೇ ತರಗತಿಯ ಹುಡುಗಿಯರು ಎರಡು ಪಾಲಾಗಿ ಕೂತರು. ಒಂದು ಪಾಲಿನ ಕತ್ತರಿಯನ್ನು ಇನ್ನೊಂದು ಪಾಲು ಮುಟ್ಟುತ್ತಿರಲಿಲ್ಲ.

ಒಂದು ದಿನ ಗಿರಣಿ ಮೆಕ್ಯಾನಿಕ್‌ನ ಮಗಳು ಹೊಲಿಯುತ್ತಿದ್ದ ಅಂಗಿಯ ಮೇಲೆ ಸೀಮೆಸುಣ್ಣದಲ್ಲಿ 'ದ್ರೋಹಿಯ ಮಗಳು' ಎಂಬ ಬರಹ ಕಂಡಿತು.

"ಯಾರು ಬರೆದಿದ್ದು?"

ಗಿರಣಿ ಕಾವಲುಗಾರನ ಮಗಳು ಎದ್ದು ನಿಂತಳು. "ನಾನೇ ಟೀಚರ್. ಅವರಪ್ಪ ಕೆಲಸಕ್ಕೆ ಹೋದ್ರು, ನಮ್ಮಪ್ಪ ಇನ್ನೂ ಹೊರಗಿದಾರೆ."

"ಜಗಳ ಅಪ್ಪಂದಿರದ್ದು. ಇವಳೇನು ಮಾಡಿದ್ಳು? ಮೊದಲು ಇವಳ ಹತ್ರ ಮಾತಾಡು."

"ನೀವು ನಿಮ್ಮ ತಮ್ಮನ ಹತ್ರ ಮಾತಾಡ್ತೀರಾ ಟೀಚರ್?"

ಟೀಚರ್ ಗಂಡ ಗಿರಣಿ ಕೆಲಸಕ್ಕೆ ಮರಳಿದವರು, ತಮ್ಮ ಹೊರಗುಳಿದವನು. ನಾಲ್ಕು ತಿಂಗಳಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಮಾತು ಬಿಟ್ಟವರು ಟೀಚರೇ.

"ಇಲ್ಲ. ತಪ್ಪು ನಂದು. ಇವತ್ತೇ ಹೋಗ್ತೀನಿ," ಎಂದರು.

ಶಾಲೆ ಬಿಟ್ಟೊಡನೆ ನೇರ ತಮ್ಮನ ಮನೆಗೇ ಹೋದರು. ಅವನು ಬಾಗಿಲಿಗೆ ಅಡ್ಡ ನಿಂತ. "ಏನಕ್ಕಾ, ದಾರಿ ತಪ್ಪಿ ಬಂದ್ಯಾ?"

"ತಪ್ಪಿದ್ದು ನಾಲ್ಕು ತಿಂಗಳ ಹಿಂದೆ ಕಣೋ. ಒಳಗೆ ಕರೀತೀಯೋ, ಇಲ್ಲೇ ನಿಂತು ಬೈತೀಯೋ?"

ಅವನು ಎರಡನ್ನೂ ಮಾಡಿದ. ವಾದ ಜೋರಾಗಿಯೇ ನಡೆಯಿತು. ಮುಷ್ಕರದ ವಿಷಯದಲ್ಲಿ ಇಬ್ಬರೂ ಒಂದಿಂಚೂ ಕದಲಲಿಲ್ಲ. ಆದರೂ ಅಕ್ಕ ಹೊರಟಾಗ ತಮ್ಮ ಬೀದಿಯ ಕೊನೆಯವರೆಗೆ ಜೊತೆಗೆ ನಡೆದ.

ಮರುದಿನ ಟೀಚರ್ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಮಕ್ಕಳಿಗೆ ಹೇಳಿದರು. "ಇಬ್ರೂ ಒಪ್ಪಲಿಲ್ಲ, ಆದ್ರೆ ಮಾತಾಡಿದ್ವಿ. ನಿಮ್ಮಿಂದ ಕೇಳೋದೂ ಅಷ್ಟೇ."

ಕಾವಲುಗಾರನ ಮಗಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಿದ್ದಳು. ಆಮೇಲೆ ಎದ್ದು ಬಂದು ಅಂಗಿಯ ಮೇಲಿನ ಸುಣ್ಣ ಕೊಡವಿ, "ಬರೀಬಾರದಿತ್ತು. ನೀನು ಹೊಲಿ, ಕಾಲರ್ ನಾನು ಹಿಡ್ಕೊಳ್ಳಾ?" ಎಂದು ಕೇಳಿದಳು. ಮೆಕ್ಯಾನಿಕ್‌ನ ಮಗಳು ಬೆಂಚಿನಲ್ಲಿ ಸರಿದು ಜಾಗ ಬಿಟ್ಟಳು.

ಸುದ್ದಿ ಹೆಡ್‌ಮಾಸ್ಟರ ಕಿವಿಗೂ ಬಿತ್ತು. "ಗಿರಣಿ ವಿಷಯ ತರಗತಿ ಒಳಗೆ ಯಾಕೆ ತಂದ್ರಿ ಮೇಡಂ?"

"ಅದು ಆಗ್ಲೇ ಒಳಗೆ ಬಂದು ಕೂತಿತ್ತು ಸಾರ್. ನಾನು ಮಾತಾಡಿಸ್ದೆ, ಅಷ್ಟೆ."

ಮುಷ್ಕರ ಇನ್ನೂ ಎರಡು ತಿಂಗಳು ಎಳೆಯಿತು. ಆದರೆ ಮುಂದಿನ ವಾರದಿಂದ ಟೀಚರ್ ಶುಕ್ರವಾರದ ಕೊನೆಯ ಹೊಲಿಗೆ ಪೀರಿಯಡ್ಡನ್ನು ಮಾತಿಗೆಂದೇ ಮೀಸಲಿಟ್ಟರು. ಸಿಟ್ಟಿದ್ದವರು ಎದುರಿಗೇ ಹೇಳಬೇಕು, ಎದುರಿನವರು ಪೂರ್ತಿ ಕೇಳಬೇಕು. ಮೊದಲ ಶುಕ್ರವಾರ ಹೆಡ್‌ಮಾಸ್ಟರೇ ಬಂದು ತಾವೂ ಕೇಳಲು ಹಿಂದಿನ ಬೆಂಚಿನಲ್ಲಿ ಕೂತರು.