ಹೊದಿಕೆಯೊಳಗಿನ ದೊಡ್ಡ ಮಿಷನ್ನು

ಆ ದಿನ ಮ್ಯಾನೇಜರ್ ಕೋಣೆಯಲ್ಲಿ ಮೂರು ಜನ ಇದ್ದೆವು. ಮೇಜಿನ ಆಚೆ ಮ್ಯಾನೇಜರ್ ಸಾಹೇಬರು. ಕಿಟಕಿ ಪಕ್ಕ, ನಮಗೆ ಆರ್ಡರ್ ಕೊಡುವ ದೊಡ್ಡ ಕಂಪನಿಯಿಂದ ವಿಚಾರಣೆಗೆ ಬಂದಿದ್ದ ಸೇಫ್ಟಿ ಆಫೀಸರ್. ಬಾಗಿಲ ಹತ್ತಿರ ಕೈಕಟ್ಟಿಕೊಂಡು ನಾನು. ಶಾಂತವ್ವ ಇರಲಿಲ್ಲ. ಅವಳು ಆಸ್ಪತ್ರೆಯಲ್ಲಿದ್ದಳು — ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು.

"ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಇಟ್ಕೊಂಡು, ಮನೇಲಿ ಬಳಸೋ ಈ ಸಣ್ಣದನ್ನ ಯಾಕೆ ತಗೊಂಡ್ರು?" ಅಂತ ಆಫೀಸರ್ ಕೇಳಿದರು.

"ದೊಡ್ಡದೇ ತಗೋಬೇಕು ಅಂತ ಹೇಳಿದ್ದೆ ಸಾರ್. ಎಳೆಯೋಕೆ ಭಾರ ಅಂತ ಅವಳೇ ಸಣ್ಣದು ತಗೊಂಡ್ಳು" ಅಂದೆ.

ಅದು ಸುಳ್ಳು. ನಾನೇ ಹೇಳಿದ್ದು, ಯಾರೂ ಹೇಳಿಸಿದ್ದಲ್ಲ. ಮಾತು ತಡವರಿಸಲೂ ಇಲ್ಲ. ಒಬ್ಬ ಹೆಂಗಸಿನ ಕೆಲಸ, ಹೆಸರು, ಎರಡೂ ಆ ಎರಡು ವಾಕ್ಯದಲ್ಲಿ ಹೋದವು. ಇದಾಗಿ ಆರು ವರ್ಷ.

ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದವನು. ಕಬ್ಬಿಣದ ಸಾಮಾನಿಗೆ ಹಿಟ್ಟಿನಂಥ ಬಣ್ಣ ಸಿಡಿಸಿ, ಒಲೆಯಲ್ಲಿ ಕಾಯಿಸಿ ಅಂಟಿಸುವ ಕೆಲಸ ಅಲ್ಲಿಯದು. ಬಣ್ಣ ಸಿಡಿಸುವ ಜಾಗಕ್ಕೆ ಬೂತ್ ಅನ್ನುತ್ತೇವೆ. ಬೆಳಿಗ್ಗೆ ಬೂದು ಬಣ್ಣ ಓಡಿ, ಮಧ್ಯಾಹ್ನ ನೀಲಿಗೆ ಬದಲಾಗಬೇಕು ಅಂದರೆ ಬೂತಿನಲ್ಲಿ ಬೂದು ಬಣ್ಣದ ಒಂದು ಕಣವೂ ಉಳಿಯಕೂಡದು. ಉಳಿದರೆ ನೀಲಿ ಮೇಲೆ ಚುಕ್ಕೆ ಬಿದ್ದು ಮಾಲು ವಾಪಸು. ಆ ಕಣಗಳನ್ನು ಎಳೆದು ತೆಗೆಯುವುದು ಶಾಂತವ್ವನ ಕೆಲಸ. ಯಾದಗಿರಿ ಕಡೆಯವಳು. ಗಂಡ ಮಲ್ಲಪ್ಪ ಗಾರೆ ಕೆಲಸದವನು. ಟಿ. ದಾಸರಹಳ್ಳಿಯಲ್ಲಿ ನಮ್ಮ ಮನೆಯ ಹಿಂದೆ ನಮ್ಮದೇ ಬಾಡಿಗೆ ರೂಮುಗಳ ಸಾಲಿದೆಯಲ್ಲ, ಅದರ ಕೊನೇ ರೂಮಿನಲ್ಲಿ ಇಬ್ಬರೂ ಇದ್ದರು. ಕೆಲಸ ಕೊಡಿಸಿದವನೂ ನಾನೇ. ಅವಳ ಬಾಯಲ್ಲಿ ನಾನು "ಅಣ್ಣಾರು".

ಶೆಡ್ಡಿನಲ್ಲಿ ಎರಡು ವ್ಯಾಕ್ಯೂಮ್ ಇದ್ದವು. ಒಂದು, ಎಂ.ಡಿ. ಕೋಣೆಯ ಕಾರ್ಪೆಟ್ಟಿಗೆ ಅಂತ ತಂದಿದ್ದ ಕೆಂಪು ಪ್ಲಾಸ್ಟಿಕ್ಕಿನದು — ಮನೆಗಳಲ್ಲಿ ಸೋಫಾ ಸಂದಿಗೆ ಆಡಿಸುತ್ತಾರಲ್ಲ, ಅಂಥದು. ಇನ್ನೊಂದು ಕಾರ್ಖಾನೆಗಂತಲೇ ಮಾಡಿದ್ದು. ಕಬ್ಬಿಣದ ಡ್ರಮ್ಮಿನ ಮೈ, ದಪ್ಪ ಫಿಲ್ಟರ್, ನೆಲಕ್ಕೆ ಸೇರಿಸುವ ಅರ್ಥಿಂಗ್ ವೈರು. ಅದನ್ನು ಇಳಿಸಲು ಬಂದ ಮೆಕ್ಯಾನಿಕ್ಕು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದ್ದ: "ನೋಡಿ ಸಾರ್, ಮನೇದರಲ್ಲಿ ಎಳ್ಕೊಂಡ ಗಾಳಿ ಮೋಟರ್ ಮೇಲೇ ಹಾದು ಹೋಗುತ್ತೆ. ಮೋಟರ್ ಒಳಗೆ ಕಿಡಿ ಇದ್ದೇ ಇರುತ್ತೆ. ನಿಮ್ಮ ಬಣ್ಣದ ಪುಡಿ ಅದರ ಬಟ್ಟೆ ಚೀಲ ದಾಟಿ ಅಲ್ಲಿಗೆ ಹೋದ್ರೆ ಹತ್ಕೊಳ್ಳುತ್ತೆ. ಇದರಲ್ಲಿ ಹಂಗಾಗಲ್ಲ." ಅವನ ಒಂದೊಂದು ಮಾತೂ ನನಗೆ ಅರ್ಥವಾಗಿತ್ತು. ಗೊತ್ತಿರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ಹಾಗಿದ್ದೂ ದೊಡ್ಡದನ್ನು ಸ್ಟೋರಿನಲ್ಲಿಟ್ಟು ಬೀಗ ಹಾಕಿದೆ.

ನಮ್ಮ ಮನೆಯಲ್ಲಿ ಒಳ್ಳೆಯದನ್ನು ನೆಂಟರಿಗೆ ಅಂತ ಎತ್ತಿಡುವ ವಾಡಿಕೆ. ಅಜ್ಜಿ ಕಂಚಿನ ತಟ್ಟೆಗಳನ್ನು ಅಟ್ಟಕ್ಕೆ ಸೇರಿಸಿ, ನಮಗೆಲ್ಲ ಸೊಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿ ಮುದ್ದೆ ಹಾಕುತ್ತಿದ್ದಳು. ಅವಳಿಂದ ಮಾತು ಕಲಿತೆ, ಇದನ್ನೂ ಕಲಿತೆ. ದೊಡ್ಡ ಕಂಪನಿಯವರು ಆಡಿಟ್ಟಿಗೆ ಬಂದಾಗ ಮೊದಲು ಕೇಳುತ್ತಿದ್ದದ್ದೇ ಆ ಮಿಷನ್ನು. ಅದರ ಫೋಟೋ ತೆಗೆಯುತ್ತಿದ್ದರು. ಒಮ್ಮೆ ಯಾರೋ ಎಳೆಯುವಾಗ ಚಕ್ರ ಸೊಟ್ಟಗಾಗಿ, ಎಲ್ಲರೆದುರು ಮ್ಯಾನೇಜರ್ ಬೈದರು. ಅಂದಿನಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿ ಎತ್ತಿಟ್ಟೆ. ಎತ್ತಿಡಿ ಅಂತ ಅವರು ಹೇಳಿರಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಆಡಿಟ್ ದಿನ ಹೊರಗೆ ಬರುವುದು, ಮಾರನೇ ದಿನ ಒಳಗೆ.

ಶಾಂತವ್ವ ಮೂರು ಸಲ ಕೇಳಿದ್ದಳು. ಮೂರನ್ನೂ ಮರೆತಿಲ್ಲ.

"ಅಣ್ಣಾರ, ದೊಡ್ಡದು ಕೊಡ್ರಿ. ಈ ಸಣ್ಣದು ಮುಂದಿಂದ ತಿಂದು ಹಿಂದಿಂದ ನನ್ ಮಾರಿಗೇ ಉಗುಳ್ತದ." ಅವತ್ತು ನೀಲಿ ಓಡಿತ್ತು. ರೆಪ್ಪೆಯೆಲ್ಲ ನೀಲಿ ಮಾಡಿಕೊಂಡು ನಿಂತಿದ್ದಳು.

"ಏನ್ ಶಾಂತವ್ವ, ನಾಟಕದಲ್ಲಿ ಕೃಷ್ಣನ ಪಾರ್ಟು ಕೊಟ್ಟವ್ರಾ?" ಅಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. "ನಗಸ್ರಿ ನಗಸ್ರಿ, ಮಿಷನ್ ಮಾತ್ರ ಕೊಡಬ್ಯಾಡ್ರಿ" ಅಂದಳು. ನಗಿಸುವುದು ನನಗೆ ಬರುತ್ತದೆ. ಉಳಿದ ಎರಡು ಸಲವೂ ಹೀಗೇ ಏನೋ ಒಂದು ಹೇಳಿ — ಕಳಿಸಿಬಿಟ್ಟೆ.

ಆ ಸಣ್ಣ ಮಿಷನ್ನು ಹತ್ತಿಕೊಂಡದ್ದು ಮಧ್ಯಾಹ್ನ, ಊಟದ ನಂತರ. ಗೇಟಿನಲ್ಲಿದ್ದೆ. ಭುಸ್ ಅಂತ ಒಂದು ಸದ್ದು, ದೊಡ್ಡದೇನಲ್ಲ. ಓಡಿ ಹೋಗಿ ನೋಡಿದರೆ ಕೆಂಪು ಮಿಷನ್ನಿನ ಮೈ ಸೀಳಿ ಹೊಗೆ ಬರುತ್ತಿತ್ತು. ಶಾಂತವ್ವ ಬಲಗೈಯನ್ನು ಮೈಯಿಂದ ದೂರ ಹಿಡಿದು, ಅದು ಬೇರೆ ಯಾರದೋ ಅನ್ನುವ ಹಾಗೆ ನಿಂತಿದ್ದಳು. ನನ್ನ ಮುಖ ನೋಡಿದವಳೇ "ಅಣ್ಣಾರ, ಮಿಷನ್ ಸುಟ್ಟು ಹೋತ್ರಿ" ಅಂದಳು. ಮೊದಲು ಮಿಷನ್ನಿನ ವಿಚಾರ ಹೇಳಿದಳು.

ಮ್ಯಾನೇಜರ್ ತಮ್ಮ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಳಿದವರೆಲ್ಲ ಗೇಟಿನ ತನಕ ಕಾರಿನ ಹಿಂದೆ ಹೋದರು. ನಾನು ಹೋಗಲಿಲ್ಲ. ಸ್ಟೋರಿನ ಬೀಗ ತೆಗೆದೆ. ದೊಡ್ಡ ಮಿಷನ್ನಿನ ಹೊದಿಕೆ ತೆಗೆದು, ಮಡಚಿ, ಫಿನಾಯಿಲ್ ಕ್ಯಾನುಗಳ ಹಿಂದೆ ತಳ್ಳಿದೆ. ಮಿಷನ್ನನ್ನು ಎಳೆದು ತಂದು ಬೂತಿನ ಪಕ್ಕ, ದಿನಾ ಅಲ್ಲೇ ಇರುತ್ತಿತ್ತು ಅನ್ನುವ ಹಾಗೆ ನಿಲ್ಲಿಸಿದೆ. ಅದರ ಮೈಮೇಲೆ ಧೂಳಿರಲಿಲ್ಲ ಅಂತ, ನೆಲದ ಮೇಲಿನ ಬಣ್ಣದ ಪುಡಿ ತೆಗೆದು ಸ್ವಲ್ಪ ಸವರಿದೆ ಕೂಡ.

ಸುಳ್ಳು ಹೇಳಿದ್ದು ಎರಡು ದಿನ ಬಿಟ್ಟು. ಆದರೆ ನಿಜವಾಗಿ ಹೇಳಿದ್ದು ಆಗಲೇ — ಬಾಯಿ ಬಿಡದೆ.

ಇಲ್ಲಿ ನಮ್ಮ ಕೆಲಸದ ಒಂದು ರೂಢಿಯನ್ನು ಹೇಳಬೇಕು. ಆಡಿಟ್ಟಿನ ಹಿಂದಿನ ದಿನ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾನು ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಯಾವ ಮಿಷನ್ ಬಳಸ್ತೀರಿ? "ದೊಡ್ಡದು ಸಾರ್." ದಿನಾ? "ದಿನಾ ಸಾರ್." ಕೊನೆಗೆ ಯಾವಾಗಲೂ ಒಂದೇ ಮಾತು: "ಸಾಹೇಬ್ರು ಏನೇ ಕೇಳ್ಲಿ, ನಾನು ಹೇಳಿದ್ದನ್ನೇ ಹೇಳಿ. ಹೇಳಿದ್ರೆ ಯಾರಿಗೂ ತೊಂದ್ರೆ ಇಲ್ಲ." ಶಾಂತವ್ವ ಇದರಲ್ಲಿ ಎಲ್ಲರಿಗಿಂತ ಚುರುಕು. ಒಂದು ಸಲವೂ ತಪ್ಪಿದವಳಲ್ಲ.

ನನ್ನ ಹೇಳಿಕೆ ಬರೆದುಕೊಂಡ ಮೇಲೆ ಆಫೀಸರ್ ಆಸ್ಪತ್ರೆಗೆ ಹೊರಟರು. ಜೊತೆಗೆ ನಾನೂ ಹೋದೆ. ಮಂಚದ ಪಕ್ಕ ನಿಂತು ಅವರು ಓದಿ ಹೇಳಿದರು: "ದೊಡ್ಡ ಮಿಷನ್ ತಗೊಳ್ಳಿ ಅಂತ ಹೇಳಿದ್ರೂ ನೀವೇ ಸಣ್ಣದು ತಗೊಂಡ್ರಿ ಅಂತ ನಿಮ್ಮ ಸೂಪರ್‌ವೈಸರ್ ಹೇಳ್ತಾರೆ. ಸರೀನಾಮ್ಮ?"

ಶಾಂತವ್ವ "ಹೌದ್ರೀ ಸಾಹೇಬ್ರ. ಅಣ್ಣಾರು ಹೇಳಿದ್ದೇ ಖರೆ" ಅಂದಳು.

ಹಾಗಂದು, ನನ್ನ ಕಡೆ ನೋಡಿದಳು. ಆಡಿಟ್ ದಿನ ಸಾಹೇಬರು ಮುಂದಕ್ಕೆ ಹೋದ ಮೇಲೆ ನೋಡುತ್ತಿದ್ದಳಲ್ಲ, ಸರಿ ಹೇಳಿದೆನಾ ಅಂತ — ಹಾಗೇ. ನಾನು ತಲೆಯಾಡಿಸಿದೆ. ಸರಿ ಅಂತ ತಲೆಯಾಡಿಸಿದೆ.

ಅವಳದೇ ಒಪ್ಪಿಗೆ ಇತ್ತಲ್ಲ, ವಿಚಾರಣೆ ಬೇಗ ಮುಗಿಯಿತು. ನಿಯಮ ಮೀರಿದ್ದಕ್ಕೆ ಕೆಲಸದಿಂದ ತೆಗೆದರು. ಆ ದೊಡ್ಡ ಕಂಪನಿಯ ಕೆಲಸ ಮಾಡುವ ಬೇರೆ ಶೆಡ್ಡುಗಳಿಗೂ ಹೆಸರು ಹೋಯಿತು. ಗಾಯ ಮಾದ ಮೇಲೆ ಹೋಗಿ ಕೇಳಿದ ಕಡೆಯೆಲ್ಲ "ನೀನೇನಾ ಮಾತು ಕೇಳದೆ ಬೆಂಕಿ ಹಚ್ಕೊಂಡೋಳು?" ಅಂದರಂತೆ. ಬಂದು ನನ್ನನ್ನು ಕೇಳಿದಳು: "ಅಣ್ಣಾರ, ನಾ ಸರಿಯಾಗೇ ಹೇಳಿದ್ನಲ್ರಿ?" ನೋಡೋಣ, ಮಾತಾಡ್ತೀನಿ ಅಂದೆ. ಮಾತಾಡಲಿಲ್ಲ. ನಮ್ಮಮ್ಮ ಒಂದು ದಿನ ರೊಟ್ಟಿ ತಟ್ಟುತ್ತಾ, "ಆ ಎಣ್ಮಗ್ಳು ನಿನ್ ಮಾತ್ ಕೇಳ್ನಿಲ್ವಂತೆ, ಅದ್ಕೇ ಇಂಗಾಯ್ತಂತೆ. ಔದೇನೋ ಮುನಿರಾಜ?" ಅಂದಳು. ಊಂ ಅಂದೆ. ಮೂರು ತಿಂಗಳಿಗೆ ಅವರು ರೂಮು ಬಿಟ್ಟು ಊರಿನ ಆ ತುದಿಗೆ, ಕಾಡುಗೋಡಿಗೆ ಹೋದರು.

ಅಷ್ಟು ದಿನವೂ ನನಗೆ ಊಟ ಸೇರಿತು. ನಿದ್ದೆ ಬಂತು. ಅಳು ಬಂದಿದ್ದರೆ ಬರೆಯುತ್ತಿದ್ದೆ. ಬರಲಿಲ್ಲ. ಒಳಗೆ ಏನೋ ಜೋಮು ಹಿಡಿದ ಹಾಗೆ — ಒತ್ತಿದರೂ ಗೊತ್ತಾಗದು.

ಇನ್ನೂ ಒಂದು ಇದೆ. ಹೊಸದಾಗಿ ಸೇರಿದವರಿಗೆ ಸೇಫ್ಟಿ ಪಾಠ ಹೇಳುವ ಕೆಲಸ ನನಗೇ ಬಂತು. ಮಾತುಗಾರ ಅಲ್ಲವೇ. ಮನೆ ಮಿಷನ್ನಿಗೂ ಕಾರ್ಖಾನೆ ಮಿಷನ್ನಿಗೂ ಏನು ವ್ಯತ್ಯಾಸ ಅಂತ ಹೇಳಬೇಕಾದಾಗ ಶಾಂತವ್ವನ ಕತೆ ಹೇಳುತ್ತಿದ್ದೆ. ಹೆಸರು ಹೇಳುತ್ತಿರಲಿಲ್ಲ. "ಒಬ್ಳು ಇದ್ಳು, ಮಾತೇ ಕೇಳ್ತಿರ್ಲಿಲ್ಲ" ಅಂತ ಶುರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲ ಹದ ಮಾಡಿಕೊಂಡಿದ್ದೆ. ಕೊನೆಗೆ ಭುಸ್ ಅನ್ನುವ ಹೊತ್ತಿಗೆ ಹೊಸಬರು ಬೆಚ್ಚಿಬೀಳುತ್ತಿದ್ದರು. ಐದು ವರ್ಷದಲ್ಲಿ ಎಷ್ಟು ಸಲ ಹೇಳಿದೆನೋ.

ಈಗ ದೊಡ್ಡ ಮಿಷನ್ನನ್ನು ದಿನಾ ಬಳಸಿದರೂ, ಸ್ಟೋರಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಈ ವರ್ಷ ಸೇರಿದ ಒಬ್ಬ ಹೆಣ್ಣುಮಗಳು ಕೈಯೆತ್ತಿದಳು. "ಸಾರ್, ದೊಡ್ಡ ಮಿಷನ್ ಬೇಕಂದ್ರೆ ನಿಮ್ಮತ್ರ ಬೀಗದ ಕೈ ಇಸ್ಕೋಬೇಕಲ್ವಾ? ಆ ಅಕ್ಕಂಗೆ ಅವತ್ತು ಕೊಟ್ಟಿದ್ರಾ?"

ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ತಿಳಿದುಕೊಳ್ಳಲು ಕೇಳಿದಳು, ಅಷ್ಟೇ. ಆರು ವರ್ಷದಲ್ಲಿ ಆಫೀಸರ್ ಕೇಳದ, ಮ್ಯಾನೇಜರ್ ಕೇಳದ ಪ್ರಶ್ನೆ. ಇಲ್ಲ ಅಂದೆ. ನನ್ನ ದನಿ ನನಗೇ ಕೇಳಿಸಿತು. "ಇಲ್ಲ ಕಣಮ್ಮ. ಕೊಟ್ಟಿರ್ಲಿಲ್ಲ." ಪಾಠ ಅಲ್ಲಿಗೇ ಮುಗಿಸಿದೆ.

ಆ ಭಾನುವಾರ ಮ್ಯಾನೇಜರಿಗೆ ಕೊಡಬೇಕಾದ ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡು ಮೆಟ್ರೋ ಹತ್ತಿದೆ. ಮಲ್ಲಪ್ಪನ ಜೊತೆ ಗಾರೆ ಕೆಲಸ ಮಾಡಿದ್ದವನೊಬ್ಬ ವಿಳಾಸ ಹೇಳಿದ್ದ. ಕಾಡುಗೋಡಿಯ ಒಂದು ಓಣಿ, ಮೊದಲನೇ ಮಹಡಿ. ಶಾಂತವ್ವನೇ ಬಾಗಿಲು ತೆಗೆದಳು. ಈಗ ಒಂದು ಕಲ್ಯಾಣ ಮಂಟಪದಲ್ಲಿ ಕಸ ಗುಡಿಸುತ್ತಾಳಂತೆ. ಬಲಗೈ ಬೆರಳು ಎರಡು ಪೂರ್ತಿ ಮಡಚುವುದಿಲ್ಲ. ನೀರು ಕೊಟ್ಟಳು, ಅಮ್ಮನ ಆರೋಗ್ಯ ಕೇಳಿದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ — ಬೀಗ, ಹೊದಿಕೆ, ಸವರಿದ ಪುಡಿ, ತಲೆಯಾಡಿಸಿದ್ದು.

ಅವಳು "ಮ್ಯಾನೇಜರ್ ಸಾಹೇಬ್ರು ನಿಮಗ ಹಂಗ ಹೇಳು ಅಂದಿರ್ಲಿಲ್ಲೇನ್ರಿ?" ಅಂತ ಕೇಳಿದಳು.

"ಇಲ್ಲ."

"ನಾ ಇಷ್ಟ್ ವರ್ಷ... ಎಲ್ಲೋ ನಾನೇ ತಪ್ಪಿ ಹೇಳೀನಿ ಅನ್ಕೊಂಡಿದ್ನಿರಿ. ಆ ಜ್ವರದಾಗ ಪಾಠ ಮರ್ತು ಏನೋ ಒಂದು ಅಂದೀನಿ, ಅದಕ್ಕ ಕೆಲಸ ಹೋತು ಅಂತ."

ಕಾಗದ ಕೊಟ್ಟೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಸದರಿ ಘಟನೆಯ ಬಗ್ಗೆ ಅಂದು ತಪ್ಪು ಮಾಹಿತಿ ನೀಡಲಾಗಿತ್ತು' ಅಂತ ನಾನು ಬರೆದಿದ್ದೆ. ಓದಿ ಮುಗಿಸಿ ತಲೆಯೆತ್ತಿದಳು.

"ಇದರಾಗ ಯಾರು ಅಂತ ಇಲ್ಲಲ್ರಿ ಅಣ್ಣಾರ. ಸುಳ್ಳು ಅಂತಾನೂ ಇಲ್ಲ."

ಅವಳ ಮನೆಯ ಹೊಸ್ತಿಲಲ್ಲೇ ಕೂತು ಬೇರೆ ಬರೆದೆ, ಎರಡು ಪ್ರತಿ. 'ನಾನು ಸುಳ್ಳು ಹೇಳಿದೆ. ಶಾಂತವ್ವ ದೊಡ್ಡ ಮಿಷನ್ನನ್ನು ಮೂರು ಸಲ ಕೇಳಿದ್ದಳು. ನಾನು ಕೊಡಲಿಲ್ಲ.' ಅವಳು ಓದಿ, "ಹ್ಞಾಂ" ಅಂದಳು. ಒಂದು ಪ್ರತಿ ಇಟ್ಟುಕೊಂಡಳು. ಕ್ಷಮಿಸು ಅಂತ ನಾನು ಕೇಳಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಕಾಗದವನ್ನು ಮ್ಯಾನೇಜರ್ ಕೈಗೆ ಕೊಟ್ಟೆ. "ಈಗ್ಯಾಕ್ರೀ ಇದೆಲ್ಲ, ಯಾರಾದ್ರೂ ಕೇಳಿದ್ರಾ?" ಅಂದರು. ಕೇಳಿದರು ಸಾರ್, ಅಂದೆ. ಹದಿನೈದು ದಿನಕ್ಕೆ ನನ್ನನ್ನು ಕೆಲಸದಿಂದ ತೆಗೆದರು. ಶೆಡ್ಡುಗಳಿಗೆ ಕಳಿಸಿದ್ದ, ಕೆಲಸಕ್ಕೆ ಸೇರಿಸಬಾರದವರ ಪಟ್ಟಿಯಿಂದ ಶಾಂತವ್ವನ ಹೆಸರು ತೆಗೆದಿದ್ದೇವೆ ಅಂತ ದೊಡ್ಡ ಕಂಪನಿಯಿಂದ ಅವಳ ವಿಳಾಸಕ್ಕೆ ಎರಡು ಸಾಲಿನ ಪತ್ರ ಹೋಯಿತು. ವಾಪಸು ಕೆಲಸಕ್ಕೆ ಬಾ ಅಂತ ಯಾರೂ ಕರೆಯಲಿಲ್ಲ.