ಪ್ರವಚನದಲ್ಲಿ ನಿದ್ದೆ ಹೋಗುತ್ತಿದ್ದ ಕಾಕು

ಎಂಬತ್ತರ ದಶಕದ ಮೊದಲಲ್ಲಿ ಖಾಸಬಾಗದ ನಮ್ಮ ಬಾಜೂ ಮನೆಗೆ ಖಾನಾಪುರದಿಂದ ಗಂಡಹೆಂಡತಿ ಬಂದರು; ಆ ಹೆಂಗಸನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಗಂಡನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ಅವರ ಸೈಕಲ್ಲಿನ ಸಪ್ಪಳ ಕಾಯುತ್ತ ಕಾಯುತ್ತ ಕಾಕುವಿನ ನಿದ್ದೆಯೇ ಹಾರಿಹೋಗಿತ್ತು. ಮುಂದೆ ಗಂಡನಿಗೆ ಹಗಲು ಪಾಳಿ ಸಿಕ್ಕರೂ ಅದು ತಿರುಗಿ ಬರಲಿಲ್ಲ. ದಿನಾ ನಳದ ಹತ್ತಿರ ಹಣೆ ಒತ್ತಿಕೊಳ್ಳುತ್ತ, "ಕಣ್ಣಿಗೆ ಕಣ್ಣು ಹತ್ತಲಿಲ್ಲ ನೋಡವಾ," ಎನ್ನುವರು. ಅಂಗಾಲಿಗೆ ಎಣ್ಣೆ ತಿಕ್ಕಿದ್ದಾಯಿತು, ಜಾಜಿಕಾಯಿ ಹಾಕಿದ ಹಾಲು ಕುಡಿದದ್ದೂ ಆಯಿತು.

ಶ್ರಾವಣ ಬಂದಾಗ ಮಠದ ಸಂಜೆಯ ಪ್ರವಚನಕ್ಕೆ ಕರೆದುಕೊಂಡು ಹೋದೆ. ಮಠದ ಸ್ವಾಮಿಗಳಾದ ಅಜ್ಜಾರು ಮೊದಲ ವಚನ ಮುಗಿಸುವುದರೊಳಗೆ ಕಾಕು ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದರು. ಮಂಗಳಾರತಿಯ ಗಂಟೆಗೇ ಎಚ್ಚರ. ಕೆಲವು ದಿನ ಹೀಗೇ ನಡೆದು ಮುಖಕ್ಕೆ ಕಳೆ ಬಂತು, ಶಿವನ ದಯೆ. ಆಮೇಲೊಂದು ದಿನ ಬರಲು ಒಲ್ಲೆ ಎಂದರು.

"ಶಿವನ ಮಾತಿನಾಗ ಗೊರಕಿ ಹೊಡದ್ರ ಪಾಪ ಹತ್ತತೈತವಾ."

"ಮನ್ಯಾಗ ಎಚ್ಚರಿದ್ದು ಗಂಡನ ಮ್ಯಾಲೆ ಸಿಡಕೂದು ಪುಣ್ಯೇನ್ರೀ ಕಾಕು?" ಎಂದರೂ ಕೇಳಲಿಲ್ಲ.

ನಾನೇ ಹೋಗಿ ಅಜ್ಜಾರಿಗೆ ಹೇಳಿದೆ. ಅವರು ನಕ್ಕರು.

"ನನ್ನ ಮಾತಿಗೆ ಎಷ್ಟು ಮಂದಿ ಎಚ್ಚರಾಗ್ಯಾರೋ ಆ ಶಿವಗ ಗೊತ್ತು. ಒಬ್ಬಾಕಿಗರ ನಿದ್ದಿ ಬರ್ತೈತಲ್ಲ, ಕರಕೊಂಡ ಬಾರವಾ."

ಮರುದಿನ ಕಾಕು ಬಂದು, ನಾಚಿಕೊಂಡು ಎಲ್ಲರ ಹಿಂದೆ ಕುಳಿತರು. ಅವರ ತಲೆ ವಾಲಿದ್ದು ಕಂಡು ಅಜ್ಜಾರು ದನಿ ತಗ್ಗಿಸಿದರು. ಅಂದಿನ ಅರ್ಧ ಪ್ರವಚನ ನಮಗಾರಿಗೂ ಸರಿಯಾಗಿ ಕೇಳಲಿಲ್ಲ. ಜೋರಾಗಿ ಹೇಳಿರೆಂದು ಒಬ್ಬರೂ ಅನ್ನಲಿಲ್ಲ.